ಬೀಗವಿಲ್ಲದ ಬಿಡಾರಗಳು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ರೂಟ್‌ಬರ್ನ್ ಎಂಬ ಹೆಸರಿನ ಒಂದು ಕಾಲುದಾರಿಯುಂಟು. ಹಿಮಶಿಖರಗಳ ಮಗ್ಗುಲಲ್ಲಿ ಏರಿ, ಸರೋವರಗಳ ನೆತ್ತಿಯ ಮೇಲೆ ಹಾದು, ಬೀಚ್ ಮರಗಳ ಕಾಡಿಗೆ ಇಳಿಯುವ ಈ ದಾರಿಯ ಉದ್ದ 33 ಕಿಲೋಮೀಟರ್; ಸಾಧಾರಣವಾಗಿ ನಡೆಯಬಲ್ಲವರಿಗೆ ಎರಡು ಮೂರು ದಿನಗಳ ಕೆಲಸ. ಆದರೆ ಅದರ ಒಂದು ತುದಿಯಲ್ಲಿ ಕಾರನ್ನು ನಿಲ್ಲಿಸಿ ಹೊರಟವನು ಇನ್ನೊಂದು ತುದಿಯನ್ನು ತಲುಪಿದ ಮೇಲೆ ರಸ್ತೆಯ ಮಾರ್ಗವಾಗಿ ಆ ಕಾರಿನ ಬಳಿಗೆ ಹಿಂದಿರುಗಬೇಕಾದರೆ, ಬೆಟ್ಟದ ಸಾಲನ್ನು ಪೂರ್ತಿ ಬಳಸಿಕೊಂಡು 300 ಕಿಲೋಮೀಟರಿಗೂ ಮೀರಿದ ಪ್ರಯಾಣವನ್ನು ಕೈಗೊಳ್ಳಬೇಕು. ಕಾಲಿಗೆ ಒದಗುವ ಘಾಟಿ ಚಕ್ರಕ್ಕೆ ಒದಗದು. ಹೆಸರಾದ ದಾರಿಗಳ ತುದಿಗೆ ಬಾಡಿಗೆಯ ವ್ಯಾನುಗಳು ಬರುವುದುಂಟು. ಹೆಸರಾಗದ ದಾರಿಗಳಿಗೆ ಅದೂ ಇಲ್ಲ. ಆದುದರಿಂದ ಆ ದೇಶದಲ್ಲಿ ಬೆನ್ನಿಗೆ ಗಂಟು ಕಟ್ಟಿಕೊಂಡು ಬೆಟ್ಟ ದಾಟುವ ಮನುಷ್ಯನು, ತಾನು ಎಷ್ಟೇ ಸ್ವಾಭಿಮಾನಿಯಾಗಿರಲಿ, ಕೊನೆಗೊಮ್ಮೆ ಹೆದ್ದಾರಿಯ ಅಂಚಿಗೆ ಬಂದು ನಿಂತು, ಎಂದೂ ಕಾಣದ ಜನರಿಗೆ ಹೆಬ್ಬೆರಳು ತೋರಿಸಿ, ಲಿಫ್ಟ್ ಕೇಳಲೇಬೇಕಾಗುತ್ತದೆ.

ಶ್ರೋತೃಗಳೆ, ಏಕಾಂತವನ್ನೂ ಸ್ವಾತಂತ್ರ್ಯವನ್ನೂ ಅರಸಿ ಕಾಡಿಗೆ ಹೋದೆವೆಂದು ಹೇಳಿಕೊಳ್ಳುವವರು ಬಹುಮಂದಿ. ಅವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಪರ್ವತಗಳಲ್ಲಿ ಅಲೆದ ಮೇಲೆ ನನಗೆ ಖಚಿತವಾಗಿ ತೋರಿದ ಸಂಗತಿಯೇನೆಂದರೆ, ಒಂಟಿಯಾಗಿ ನಡೆಯುವವನ ಸ್ವಾತಂತ್ರ್ಯವು ಅವನು ಕಾಣದ ಅನೇಕರ ಶಿಸ್ತಿನ ಮೇಲೆ, ಸೌಜನ್ಯದ ಮೇಲೆ, ಬೀಗ ಹಾಕದೆ ಬಿಟ್ಟ ಬಾಗಿಲುಗಳ ಮೇಲೆ ನಿಂತಿದೆ ಎಂಬುದು. ಇದನ್ನು ವಿವರಿಸುವುದಕ್ಕಾಗಿ ನಾನು ರೂಟ್‌ಬರ್ನಿನ ಮಾತನ್ನು ಇಲ್ಲಿಗೇ ಬಿಟ್ಟು, ಅದಕ್ಕಿಂತ ಬಹಳ ಕಡಿಮೆ ಜನ ತುಳಿಯುವ ಹಾರ್ಪರ್ ಘಾಟಿಯ ಹಾದಿಯನ್ನು ಹಿಡಿಯುತ್ತೇನೆ.

ಮೊದಲು ಆ ನೆಲದ ಪರಿಚಯ. ದಕ್ಷಿಣ ದ್ವೀಪದ ಬೆನ್ನೆಲುಬಾಗಿ ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಪರ್ವತಶ್ರೇಣಿಗೆ 1770ರಲ್ಲಿ ಸಮುದ್ರದ ಮೇಲಿನಿಂದ ನೋಡಿದ ನಾವಿಕ ಜೇಮ್ಸ್ ಕುಕ್ ದಕ್ಷಿಣ ಆಲ್ಪ್ಸ್ ಎಂದು ಹೆಸರಿಟ್ಟನು. ಭೂಮಿಯ ಎರಡು ಮಹಾಫಲಕಗಳು ಒಂದನ್ನೊಂದು ಒತ್ತಿ ಉಜ್ಜುವ ಸೀಮೆ ಅದು. ಬೆಟ್ಟಗಳು ಇಂದಿಗೂ ಮೇಲೇಳುತ್ತಿವೆ. ಎದ್ದಷ್ಟನ್ನೂ ಮಳೆ, ಹಿಮ, ಗಾಳಿಗಳು ಕೊರೆದು ನದಿಗೆ ಒಪ್ಪಿಸುತ್ತಿವೆ. ಅತ್ಯುನ್ನತ ಶಿಖರವಾದ ಆವೊರಾಕಿಯ ನೆತ್ತಿ 1991ರ ಡಿಸೆಂಬರಿನ ಒಂದು ರಾತ್ರಿ ಕುಸಿದು ಹಿಮನದಿಯ ಮೇಲೆ ಬಿತ್ತು. 2014ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಅದರ ಎತ್ತರ 3,724 ಮೀಟರ್. ಎವರೆಸ್ಟನ್ನೇರಿದ ಎಡ್ಮಂಡ್ ಹಿಲರಿ ಹಿಮದ ಮೇಲೆ ಕಾಲೂರುವುದನ್ನು ಕಲಿತುದು ಈ ಬೆಟ್ಟಗಳಲ್ಲಿಯೇ.

ಪಶ್ಚಿಮದ ಸಮುದ್ರದಿಂದ ಅಡೆತಡೆಯಿಲ್ಲದೆ ಬೀಸಿ ಬರುವ ಗಾಳಿ ಈ ಗೋಡೆಗೆ ತಾಗಿ ತನ್ನ ನೀರನ್ನೆಲ್ಲ ಪಶ್ಚಿಮದ ಮಗ್ಗುಲಿಗೆ ಸುರಿದುಬಿಡುತ್ತದೆ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೆ ಮೀರಿ ಮಳೆ ಬೀಳುತ್ತದೆಂದು ನಾವು ಹೆಮ್ಮೆಯಿಂದಲೋ ಬೇಸರದಿಂದಲೋ ಹೇಳಿಕೊಳ್ಳುತ್ತೇವಷ್ಟೆ. ಅಲ್ಲಿ ಕ್ರಾಪ್ ಎಂಬ ಒಂದು ನದಿಯ ಕಣಿವೆಯಲ್ಲಿ ವರ್ಷದ ಸರಾಸರಿಯೇ 11,000 ಮಿಲಿಮೀಟರನ್ನು ದಾಟುತ್ತದೆ. ಅದೂ ನಮ್ಮಲ್ಲಿಯಂತೆ ಮಳೆಗಾಲವೆಂಬ ಒಂದು ಗಡುವಿಗೆ ಒಳಪಟ್ಟು ಬಾರದೆ, ವರ್ಷದ ಯಾವ ತಿಂಗಳಿನಲ್ಲಿಯಾದರೂ ಬರುತ್ತದೆ. ಪೂರ್ವದ ಕ್ಯಾಂಟರ್ಬರಿ ಬಯಲಿನಲ್ಲಿ ಅದೇ ಹೊತ್ತಿನಲ್ಲಿ ಒಣ ಬಿಸಿಗಾಳಿ ಬೀಸುತ್ತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಬೆಟ್ಟಗಳ ಮೇಲೆ ಮಾತ್ರ ಮೋಡದ ಒಂದು ಕಮಾನು ಕಟ್ಟಿರುತ್ತದೆ. ಆ ಕಮಾನನ್ನು ಕಂಡ ಸ್ಥಳೀಯರು ನದಿಗಳು ಏರುತ್ತಿವೆಯೆಂದು ತಿಳಿಯುತ್ತಾರೆ. ಹೊರಗಿನವನು ಎಂಥ ಚೆಲುವಾದ ಆಕಾಶವೆಂದು ಮೆಚ್ಚಿ ಗಂಟನ್ನು ಹೊತ್ತು ಹೊರಡುತ್ತಾನೆ.

ಆ ದೇಶದ ಶಿಸ್ತಿನ ಮೊದಲ ಪಾಠ ವಿಮಾನನಿಲ್ದಾಣದಲ್ಲಿಯೇ ಆಗುತ್ತದೆ. ನನ್ನ ಮುಂದೆ ನಿಂತ ಅಧಿಕಾರಿಣಿ ನಾನು ತಂದ ಚಟ್ನಿಪುಡಿಯ ಪೊಟ್ಟಣವನ್ನು ನೋಡಿ ಹೆಚ್ಚು ಮಾತಿಲ್ಲದೆ ಹಿಂದಿರುಗಿಸಿದರು; ನನ್ನ ಬೂಟುಗಳನ್ನು ಮಾತ್ರ ಹಿಂದಿರುಗಿಸಲಿಲ್ಲ. ಒಂದನ್ನು ಕೈಯಲ್ಲಿ ಹಿಡಿದು, ಅಡಿಯನ್ನು ಬೆಳಕಿಗೆ ತಿರುಗಿಸಿ, ಗೀರುಗಳ ನಡುವೆ ಸಿಕ್ಕಿದ್ದ ಒಣಮಣ್ಣನ್ನೂ ಅದರೊಳಗಿದ್ದ ಒಂದು ಹುಲ್ಲಿನ ಬೀಜವನ್ನೂ ಸಣ್ಣ ಇಕ್ಕಳದ ತುದಿಯಿಂದ ತೆಗೆದು ನನಗೆ ತೋರಿಸಿ, ಒಳಗೆ ಕೊಂಡುಹೋದರು. ಸ್ವಲ್ಪ ಹೊತ್ತಿಗೆ ಬೂಟುಗಳು ತೊಳೆದು ಶುಭ್ರವಾಗಿ ಬಂದವು. ಇದು ಅತಿಯೆಂದು ಕೆಲವರು ಗೊಣಗುವುದನ್ನು ಕೇಳಿದೆನು. ಆದರೆ ಆ ದ್ವೀಪಗಳ ಇತಿಹಾಸವನ್ನು ಬಲ್ಲವರು ಗೊಣಗಲಾರರು. ಬಾವಲಿಯ ಹೊರತು ನೆಲದ ಮೇಲಿನ ಸ್ತನಿಯೊಂದೂ ಸ್ವಭಾವತಃ ಇಲ್ಲದಿದ್ದ ನಾಡು ಅದು. ಹಾವೆಂಬುದು ಇಂದಿಗೂ ಇಲ್ಲ. ಮಬ್ಬುಗತ್ತಲೆಯಲ್ಲಿ ಹುಲ್ಲಿನ ನಡುವೆ ಕಾಲಿಡುವಾಗ ನೆಲವನ್ನು ನೋಡದೆ ನಡೆಯಬಹುದೆಂಬ ಆ ಒಂದು ಸುಖ, ಮಲೆನಾಡಿನ ಮನುಷ್ಯನಿಗೆ ಎಷ್ಟು ದೊಡ್ಡದೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ. ಬಿಳಿಯರು ಬಂದು ಬೇಟೆಯ ವಿನೋದಕ್ಕಾಗಿ ಜಿಂಕೆಗಳನ್ನು, ತುಪ್ಪಳಕ್ಕಾಗಿ ಪಾಸಮ್‌ಗಳನ್ನು, ತಿನ್ನುವುದಕ್ಕೂ ಬೇಟೆಗೂ ಮೊಲಗಳನ್ನು ತಂದರು. ಮೊಲಗಳು ಹುಲ್ಲುಗಾವಲನ್ನು ತಿಂದು ಮುಗಿಸತೊಡಗಿದಾಗ ಅವನ್ನು ಹಿಡಿಯಲೆಂದು 1880ರ ದಶಕದಲ್ಲಿ ಸ್ಟೋಟ್ ಎಂಬ ಮುಂಗುಸಿಯಂಥ ಪ್ರಾಣಿಯನ್ನು ತಂದರು. ಸ್ಟೋಟ್ ಮೊಲವನ್ನು ಬಿಟ್ಟು, ಹಾರಲರಿಯದ ಹಕ್ಕಿಗಳ ಗೂಡಿಗೆ ನುಗ್ಗಿತು. ಇಂದು ಕಾಡಿನ ದಾರಿಯುದ್ದಕ್ಕೂ ಅದಕ್ಕಾಗಿ ಒಡ್ಡಿದ ಬೋನುಗಳ ಮರದ ಪೆಟ್ಟಿಗೆಗಳು ಕಾಣುತ್ತವೆ. ಒಂದು ಬೀಜದ ಮೇಲೆ ಅಷ್ಟು ಸಂಶಯವೇಕೆಂಬುದಕ್ಕೆ ಉತ್ತರ ಆ ಪೆಟ್ಟಿಗೆಗಳಲ್ಲಿದೆ.

ಇನ್ನು ಲಿಫ್ಟ್ ಕೇಳುವ ವಿದ್ಯೆ. ಅದೂ ಒಂದು ವಿದ್ಯೆಯೇ. ವಾಹನಗಳು ನಮ್ಮಲ್ಲಿಯಂತೆ ಎಡಗಡೆಯಲ್ಲಿಯೇ ಓಡುವುದರಿಂದ ದಿಕ್ಕು ತಪ್ಪುವ ಭಯವಿಲ್ಲ. ತಿರುವಿನಲ್ಲಿ ನಿಲ್ಲಬಾರದು, ಏರಿನಲ್ಲಿ ನಿಲ್ಲಬಾರದು, ಚಾಲಕನಿಗೆ ನಿಮ್ಮ ಮುಖ ದೂರದಿಂದಲೇ ಕಾಣಬೇಕು, ನಿಮ್ಮನ್ನು ದಾಟಿದ ಮೇಲೆ ವಾಹನವನ್ನು ರಸ್ತೆಯ ಬದಿಗೆ ತರಲು ಅವನಿಗೆ ಸ್ಥಳವಿರಬೇಕು. ಕಪ್ಪು ಕನ್ನಡಕ ಸಲ್ಲದು. ಗಂಟನ್ನು ಬೆನ್ನಿನಿಂದಿಳಿಸಿ ಕಾಲಿನ ಮುಂದೆ ಇಟ್ಟುಕೊಂಡರೆ, ಈತ ಬೆಟ್ಟಕ್ಕೆ ಹೊರಟವನು, ಸುಮ್ಮನೆ ಅಲೆಯುವವನಲ್ಲವೆಂದು ನೋಡುವವರಿಗೆ ಗೊತ್ತಾಗುತ್ತದೆ. ವೇಗದ ಹೆದ್ದಾರಿಗಳಲ್ಲಿ, ಎಂದರೆ ಪಾದಚಾರಿಗಳಿಗೇ ಪ್ರವೇಶವಿಲ್ಲದ ಕಡೆ, ಹೀಗೆ ನಿಲ್ಲುವುದು ಕಾನೂನಿಗೆ ವಿರುದ್ಧ, ಉಳಿದೆಡೆ ಅಡ್ಡಿಯಿಲ್ಲ. ನಮ್ಮ ಘಟ್ಟದ ದಾರಿಗಳಲ್ಲಿ ಲಾರಿಯನ್ನೋ ಜೀಪನ್ನೋ ಕೈಯೊಡ್ಡಿ ನಿಲ್ಲಿಸಿ ಹತ್ತಿದವರು ಇಳಿಯುವಾಗ ಅಷ್ಟೋ ಇಷ್ಟೋ ಕೊಡುವ ರೂಢಿಯುಂಟಲ್ಲವೆ? ಅಲ್ಲಿ ಹಣವನ್ನು ಮುಂದೊಡ್ಡಿದರೆ ಚಾಲಕರ ಮುಖ ಸಣ್ಣದಾಗುತ್ತದೆ.

ಹಾರ್ಪರ್ ಘಾಟಿಯ ಹಾದಿ ತೊಡಗುವ ಲೂಯಿಸ್ ಘಾಟಿಯ ರಸ್ತೆಗೆ ನನ್ನನ್ನು ಕೊಂಡೊಯ್ದವರು ಕುರಿಸಾಕಣೆಯ ಒಬ್ಬ ವೃದ್ಧರು. ಹಿಂದಿನ ತೆರೆದ ಪೆಟ್ಟಿಗೆಯಲ್ಲಿ ಎರಡು ನಾಯಿಗಳು, ತಂತಿಯ ಸುರುಳಿ, ಒಂದು ಗರಗಸ. ಮುಂದಿನ ಆಸನದಲ್ಲಿ ಅವರು ನನಗಾಗಿ ಬದಿಗೆ ಸರಿಸಿದ ರೊಟ್ಟಿಯ ಡಬ್ಬ, ಔಷಧಿಯ ಸೀಸೆ, ದಿನಪತ್ರಿಕೆಗಳು. ಬಹಳ ಹೊತ್ತು ಅವರು ಮಾತನಾಡಲಿಲ್ಲ. ಕಲ್ವರ್ಡನ್ ಊರನ್ನು ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆಯೇ, “ಯಾವ ಕಡೆಗೆ ಇಳಿಯುತ್ತೀರಿ?” ಎಂದು ಕೇಳಿದರು. ತಾರಾಮಕಾವು ನದಿಯ ಕಡೆಗೆ ಎಂದೆನು. ಎಷ್ಟು ದಿನದ ಆಹಾರವಿದೆಯೆಂದು ಕೇಳಿದರು, ಹೇಳಿದೆನು. “ಇನ್ನೂ ಎರಡು ದಿನದ್ದು ಇರಲಿ. ಆ ನದಿ ತನಗೆ ಬೇಕಾದಾಗ ದಾರಿ ಬಿಡುತ್ತದೆ” ಎಂದವರೇ, ದಾರಿಯಲ್ಲಿ ಸಿಕ್ಕಿದ ಒಂದು ಅಂಗಡಿಯ ಮುಂದೆ ವಾಹನವನ್ನು ನಿಲ್ಲಿಸಿ, ನಾನು ಓಟ್ಸನ್ನೂ ಗಿಣ್ಣನ್ನೂ ಕೊಂಡು ಬರುವ ತನಕ ಎಂಜಿನನ್ನು ಆರಿಸಿ ಕಾದರು. ಅಪರಿಚಿತನೊಬ್ಬನ ಹಸಿವಿನ ಬಗೆಗೆ ಮುಂದಾಗಿಯೇ ಚಿಂತಿಸಿದ ಆ ನಿಲುಗಡೆಯನ್ನು ನಾನು ಪ್ರಯಾಣದ ದೊಡ್ಡ ಉಪಕಾರಗಳಲ್ಲಿ ಒಂದೆಂದು ಎಣಿಸುತ್ತೇನೆ.

ಹಾರ್ಪರ್ ಘಾಟಿಯ ಎತ್ತರ 962 ಮೀಟರ್ ಮಾತ್ರ. ಲೂಯಿಸ್ ಘಾಟಿಯ ರಸ್ತೆಯಲ್ಲಿ ವಿಂಡಿ ಪಾಯಿಂಟ್ ಎಂಬಲ್ಲಿ ತೂಗುಸೇತುವೆಯೊಂದನ್ನು ದಾಟಿ ತೊಡಗುವ ಹಾದಿ, ಸಮ್ನರ್ ಸರೋವರದ ಬದಿಯಿಂದ ಹುರುನುಯಿ ನದಿಯನ್ನು ಅನುಸರಿಸಿ ಏರಿ, ಘಾಟಿಯನ್ನು ದಾಟಿ, ತಾರಾಮಕಾವು ನದಿಯೊಡನೆ ಪಶ್ಚಿಮಕ್ಕಿಳಿದು, ಆರ್ಥರ್ ಘಾಟಿಯ ರಸ್ತೆಯಲ್ಲಿ ಏಕೆನ್ಸ್ ಎಂಬಲ್ಲಿ ಮುಗಿಯುತ್ತದೆ. ನಾಲ್ಕೈದು ದಿನದ ನಡಿಗೆ. ಒಂದು ಹೆದ್ದಾರಿಯಲ್ಲಿ ಹುಟ್ಟಿ ಇನ್ನೊಂದು ಹೆದ್ದಾರಿಯಲ್ಲಿ ಕೊನೆಗಾಣುವ ಈ ಹಾದಿ ವಾಸ್ತವವಾಗಿ ಆ ಎರಡು ಹೆದ್ದಾರಿಗಳಿಗಿಂತ ಎಷ್ಟೋ ಹಳೆಯದು. ಪಶ್ಚಿಮತೀರದ ನದಿಗಳಲ್ಲಿ ದೊರೆಯುವ ಪೌನಾಮು ಎಂಬ ಹಸುರುಶಿಲೆಯನ್ನು ಮಾವೊರಿ ಜನರು ಚಿನ್ನಕ್ಕಿಂತ ಮಿಗಿಲಾಗಿ ಬಗೆದು, ಆಯುಧಕ್ಕೂ ಆಭರಣಕ್ಕೂ ಅದನ್ನು ಹೊತ್ತು ಪೂರ್ವಕ್ಕೆ ತರುತ್ತಿದ್ದರು. ಗಿಡದ ಎಲೆಯ ನಾರಿನಿಂದ ಹೆಣೆದ ಪಾದರಕ್ಷೆ ಅವರ ಕಾಲಿಗೆ. ಅದು ಕಲ್ಲಿನ ಮೇಲೆ ಬೇಗ ಸವೆಯುತ್ತಿದ್ದುದರಿಂದ ದಾರಿಯಲ್ಲಿಯೇ ಹೊಸದನ್ನು ಹೆಣೆದುಕೊಳ್ಳುತ್ತಿದ್ದರು. ದಕ್ಷಿಣಕ್ಕಿರುವ ಇನ್ನೊಂದು ಘಾಟಿಯನ್ನು ಮೊದಲು ಪೂರ್ವದವರಿಗೆ ತೋರಿಸಿದವಳು ರೌರೆಕಾ ಎಂಬ ಹೆಂಗಸೆಂದು ಅವರಲ್ಲಿ ಐತಿಹ್ಯವಿದೆ. ತನ್ನ ಜನರನ್ನು ಬಿಟ್ಟು, ನಾಯಿಯೊಂದನ್ನು ಕರೆದುಕೊಂಡು ಬೆಟ್ಟವನ್ನು ದಾಟಿ ಬಂದ ಆಕೆ, ಬಯಲಿನಲ್ಲಿ ಮೊಂಡು ಬಾಚಿಗಳಿಂದ ಮರವನ್ನು ಕಡಿಯುತ್ತಿದ್ದವರನ್ನು ಕಂಡು, ತನ್ನ ಬಳಿಯಿದ್ದ ಹಸುರುಶಿಲೆಯ ಪುಟ್ಟ ಬಾಚಿಯನ್ನು ಬಿಚ್ಚಿ ತೋರಿಸಿದಳಂತೆ. ಆ ಘಾಟಿಗೆ ಮಾವೊರಿ ಭಾಷೆಯಲ್ಲಿ ಇಂದಿಗೂ ಅವಳದೇ ಹೆಸರು.

ಹಾರ್ಪರ್ ಘಾಟಿಗೆ ಮಾತ್ರ ಅಂಥ ಭಾಗ್ಯವಿಲ್ಲ. 1857ರಲ್ಲಿ ಕ್ರೈಸ್ಟ್‌ಚರ್ಚಿನ ಬಿಷಪ್ಪರ ಮಗನಾದ ಲೆನಾರ್ಡ್ ಹಾರ್ಪರನು ಮಾವೊರಿ ಮಾರ್ಗದರ್ಶಕರ ಬೆನ್ನುಹಿಡಿದು ಇದನ್ನು ದಾಟಿದನು. ದಾರಿಯನ್ನು ಬಲ್ಲವರು ಹಿಂದೆ ಉಳಿದರು, ನಡೆದವನ ಹೆಸರು ನಕ್ಷೆಗೆ ಬಂದಿತು. ಪರ್ವತಗಳ ನಕ್ಷೆಯಲ್ಲಿ ಇದು ಅಪರೂಪವಾದ ಅನ್ಯಾಯವಲ್ಲ. ಇದಕ್ಕೆ ಹತ್ತು ವರ್ಷ ಮೊದಲು, 1846ರಿಂದ 1848ರ ವರೆಗೆ, ಇದೇ ಪಶ್ಚಿಮತೀರದ ಕಾಡುಗಳಲ್ಲಿ ಅಲೆದ ಥಾಮಸ್ ಬ್ರನ್ನರನು ಉಳಿದು ಬಂದುದು ಕೆಹು ಎಂಬ ಮಾವೊರಿಯ ದೆಸೆಯಿಂದ. ಹಸಿವು ಮಿತಿಮೀರಿದಾಗ ಬ್ರನ್ನರನು ತನ್ನ ನಾಯಿಯನ್ನೇ ಕೊಂದು ತಿನ್ನಬೇಕಾಯಿತು. ಕುರಿಸಾಕಣೆಯ ಆ ವೃದ್ಧರು ಓಟ್ಸಿನ ವಿಷಯದಲ್ಲಿ ಅಷ್ಟು ಖಂಡಿತವಾಗಿದ್ದುದಕ್ಕೆ ಪೂರ್ವೇತಿಹಾಸವಿದೆ.

1865ರಲ್ಲಿ ಪಶ್ಚಿಮತೀರದಲ್ಲಿ ಚಿನ್ನದ ಗುಲ್ಲೆದ್ದಾಗ ಸಾವಿರಾರು ಜನ ಈ ಘಾಟಿಯನ್ನು ಹತ್ತಿಳಿದರು. ಮರುವರ್ಷವೇ ಆರ್ಥರ್ ಘಾಟಿಯ ಮೇಲೆ ಕುದುರೆಗಾಡಿಯ ರಸ್ತೆ ಸಿದ್ಧವಾಯಿತು. 1923ರಲ್ಲಿ ಅದರ ಹೊಟ್ಟೆಯಲ್ಲಿ ಎಂಟೂವರೆ ಕಿಲೋಮೀಟರ್ ಉದ್ದದ ಒಟೀರಾ ಸುರಂಗವೂ ತೆರೆದು ರೈಲು ಓಡಿತು. ಚಕ್ರಗಳೆಲ್ಲ ಅತ್ತ ಹೋದವು. ಹಾರ್ಪರ್ ಘಾಟಿ ಕಾಲುಗಳಿಗೆ ಉಳಿಯಿತು.

ಪೂರ್ವದ ಮಗ್ಗುಲಿನ ಕಾಡಿನ ಬಗೆಗೆ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಬೀಚ್ ಮರಗಳ ಬುಡಗಳು ಅಲ್ಲಿ ಬೆಂಕಿ ಬಿದ್ದು ಆರಿದಂತೆ ಕಪ್ಪಾಗಿವೆ. ಹತ್ತಿರ ಹೋಗಿ ನೋಡಿದರೆ ಆ ಕಪ್ಪು ಒಂದು ಬಗೆಯ ಬೂಷ್ಟು; ಅದರ ನಡುವಿನಿಂದ ಕೂದಲಿಗಿಂತ ತೆಳುವಾದ ಬಿಳಿಯ ಎಳೆಗಳು ಹೊರಚಾಚಿವೆ; ಒಂದೊಂದು ಎಳೆಯ ತುದಿಯಲ್ಲಿಯೂ ಒಂದೊಂದು ಹನಿ. ತೊಗಟೆಯೊಳಗೆ ಅಡಗಿ ಮರದ ರಸವನ್ನು ಹೀರುವ ಸಣ್ಣ ಕೀಟವೊಂದು ತನಗೆ ಮಿಕ್ಕ ಸಕ್ಕರೆಯನ್ನು ಹೀಗೆ ಹೊರಕ್ಕೆ ನೂಕುತ್ತದೆ. ಬೆರಳಿನ ತುದಿಗೆ ತೆಗೆದುಕೊಂಡು ನಾಲಗೆಗೆ ಮುಟ್ಟಿಸಿದರೆ ಸಿಹಿ. ಬಿಸಿಲೇರಿದಾಗ ಕಾಡೆಲ್ಲ ಜೇನಿನ ವಾಸನೆ. ಈ ಹನಿಯೇ ಗಂಟೆಹಕ್ಕಿ ಮೊದಲಾದವುಗಳ ಆಹಾರ. ಯೂರೋಪಿನಿಂದ ಹೇಗೋ ಬಂದು ಸೇರಿದ ಕಣಜಗಳು ಈಗ ಅದಕ್ಕೂ ಪಾಲಿಗೆ ಬಂದಿವೆ, ಬೇಸಗೆಯ ಕೊನೆಯಲ್ಲಿ ಅವುಗಳ ಝೇಂಕಾರವೇ ಹಕ್ಕಿಗಳ ದನಿಯನ್ನು ಅಡಗಿಸುತ್ತದೆ. ವಿಶ್ರಮಿಸಲು ಕುಳಿತರೆ ನೀಳಗಾಲಿನ ಪುಟ್ಟ ರಾಬಿನ್ ಹಕ್ಕಿ ಬಂದು, ನೀವು ಕೆದಕಿದ ಮಣ್ಣಿನಲ್ಲಿ ಹುಳುವಿದೆಯೇ ಎಂದು ನೋಡಿ, ನಿಮ್ಮ ಬೂಟಿನ ದಾರವನ್ನೊಮ್ಮೆ ಎಳೆದು ಪರೀಕ್ಷಿಸುತ್ತದೆ. ದಾರಿ ತೋರುವುದಕ್ಕೆ ಮರಗಳಿಗೆ ಕಿತ್ತಳೆಬಣ್ಣದ ತ್ರಿಕೋಣಗಳನ್ನು ಹೊಡೆದಿದ್ದಾರೆ. ಸರೋವರದ ಮೇಲುಗಡೆ ಬೆಟ್ಟದಿಂದ ಬಿಸಿನೀರಿನ ಬುಗ್ಗೆಯೊಂದು ಸಣ್ಣ ಹೊಂಡಕ್ಕೆ ಧುಮುಕುತ್ತದೆ. ನಡೆದು ನೊಂದ ಕಾಲುಗಳನ್ನು ಅದರಲ್ಲಿ ಇಳಿಬಿಟ್ಟವರು ಬೇಗ ಏಳುವುದಿಲ್ಲ.

ಇನ್ನು ಬಿಡಾರಗಳು. ಇಡೀ ದೇಶದ ಕಾಡುಮೇಡುಗಳಲ್ಲಿ ಸಂರಕ್ಷಣ ಇಲಾಖೆಯ ಅಧೀನದಲ್ಲಿ ನಡೆಯುವವರು ತಂಗಬಹುದಾದ 950ಕ್ಕೂ ಮಿಕ್ಕ ಬಿಡಾರಗಳಿವೆ. ಘಾಟಿಯಿಂದಿಳಿದ ಮೇಲೆ ಸಿಕ್ಕುವ ಲಾಕ್ ಸ್ಟ್ರೀಮ್ ಬಿಡಾರವನ್ನು 1940ರಲ್ಲಿ ಕಟ್ಟಿದುದು. ಅದರ ತೊಲೆಗಳನ್ನು ಅಲ್ಲಿಯೇ ಕಡಿದು ಕೈಬಾಚಿಯಿಂದ ಕೆತ್ತಿದ್ದಾರೆ. ಬಾಚಿಯ ಒಂದೊಂದು ಏಟಿನ ಗುರುತನ್ನೂ ಇಂದು ಬೆರಳಿನಿಂದ ಮುಟ್ಟಿ ನೋಡಬಹುದು. ಬಾಗಿಲಿಗೆ ಚಿಲಕವುಂಟು, ಬೀಗವಿಲ್ಲ. ಒಳಗೆ ಮಲಗುವ ಹಲಗೆಗಳು, ಹಾಸಿಗೆಗಳು, ಒಲೆ, ಒಲೆಯ ಪಕ್ಕದಲ್ಲಿ ಹಿಂದಿನ ಅತಿಥಿ ಸೀಳಿಟ್ಟುಹೋದ ಒಣ ಸೌದೆ. ಮಳೆಯಲ್ಲಿ ತೊಯ್ದು ನಡುಗುತ್ತ ಬಂದವನು ಆ ಸೌದೆಯಿಂದ ಬೆಂಕಿ ಹೊತ್ತಿಸಿಕೊಳ್ಳಬೇಕು. ಹೊರಡುವ ಮುನ್ನ ಮುಂದಿನವನಿಗಾಗಿ ಅಷ್ಟನ್ನೇ ಸೀಳಿಡಬೇಕು, ನೆಲವನ್ನು ಗುಡಿಸಬೇಕು, ತನ್ನ ಕಸವನ್ನು ತಾನೇ ಹೊತ್ತುಕೊಂಡು ಹೋಗಬೇಕು. ನಮ್ಮ ಹಳೆಯ ಛತ್ರಗಳನ್ನು ಇವು ನೆನಪಿಗೆ ತರುತ್ತವೆ, ಆದರೆ ಇಲ್ಲಿ ಪಾರುಪತ್ಯಗಾರನಿಲ್ಲ, ಅಡಿಗೆಯವನಿಲ್ಲ, ಬಂದವನೇ ಅತಿಥಿ, ಬಂದವನೇ ಯಜಮಾನ. ಬೂಟುಗಳನ್ನು ಜಗುಲಿಯಲ್ಲಿ ಬಿಡುವಾಗ ಮಾತ್ರ ಎತ್ತರದ ಮೊಳೆಗೆ ನೇತುಹಾಕಬೇಕು. ವೇಕಾ ಎಂಬ ಹಾರಲಾರದ ಕಂದುಬಣ್ಣದ ಹಕ್ಕಿ ಕಣ್ಣೆದುರಿಗೇ ಕಾಲುಚೀಲವನ್ನು ಕಚ್ಚಿಕೊಂಡು ಪೊದೆಗೆ ಓಡುತ್ತದೆ. ಇನ್ನೂ ಮೇಲಿನ ಸೀಮೆಯ ಕೆಯಾ ಗಿಳಿಯಂತೂ ಕಾರುಗಳ ರಬ್ಬರನ್ನು ಸುಲಿಯುವುದರಲ್ಲಿ ನಿಪುಣ.

ಈ ಬಿಡಾರಗಳಲ್ಲಿ ಬಹಳಷ್ಟು ಹುಟ್ಟಿದ ಕಥೆ ವಿಚಿತ್ರವಾದದ್ದು. ವಿನೋದಕ್ಕೆಂದು ತಂದ ಜಿಂಕೆಗಳು ಮಿತಿಮೀರಿ ಬೆಳೆದು, ಇಳಿಜಾರಿನ ಗಿಡಗಳನ್ನೆಲ್ಲ ಮೇದು, ಮಣ್ಣು ನದಿಗೆ ಜಾರತೊಡಗಿದಾಗ ಸರ್ಕಾರವು 1930ರಿಂದ ಸಂಬಳ ಕೊಟ್ಟು ಬೇಟೆಗಾರರನ್ನು ನೇಮಿಸಿತು. 1956ರಲ್ಲಿ ಆ ಕೆಲಸ ಅರಣ್ಯ ಇಲಾಖೆಯ ಪಾಲಿಗೆ ಬಂದಿತು. ತಿಂಗಳುಗಟ್ಟಲೆ ಕಾಡಿನಲ್ಲಿರುವ ಬೇಟೆಗಾರರಿಗಾಗಿ ಇಲಾಖೆ ಕಣಿವೆ ಕಣಿವೆಗಳಲ್ಲಿ ಬಿಡಾರಗಳನ್ನು ಕಟ್ಟಿಸಿತು, ಹಾದಿ ಕಡಿಸಿತು, ತೂಗುಸೇತುವೆಗಳನ್ನು ಹಾಕಿಸಿತು. ಮುಂದೆ ಹೆಲಿಕಾಪ್ಟರಿನಿಂದ ಜಿಂಕೆಯನ್ನು ಹೊಡೆದು ಮಾಂಸವನ್ನು ಮಾರುವ ಉದ್ಯಮ ಬೆಳೆದಾಗ ನಡೆದು ಬೇಟೆಯಾಡುವವರ ಅವಶ್ಯಕತೆ ತಪ್ಪಿತು, ಬಿಡಾರಗಳು ಉಳಿದವು. 1987ರಲ್ಲಿ ಸಂರಕ್ಷಣ ಇಲಾಖೆ ಸ್ಥಾಪಿತವಾದಾಗ ಅವು ಅದರ ಕೈಗೆ ಬಂದವು. ಒಂದು ಅವಿವೇಕವನ್ನು ತಿದ್ದಲೆಂದು ಮಾಡಿದ ವೆಚ್ಚ ಎಲ್ಲ ಪಾದಚಾರಿಗಳ ಆಸ್ತಿಯಾಯಿತು.

ಪ್ರತಿಯೊಂದು ಬಿಡಾರದಲ್ಲಿಯೂ ಒಂದು ಪುಸ್ತಕವಿರುತ್ತದೆ. ಅಲ್ಲಿ ತಂಗದೆ ಸುಮ್ಮನೆ ಹಾದುಹೋಗುವವನೂ ಅದರಲ್ಲಿ ತನ್ನ ಹೆಸರು, ತಾರೀಖು, ಎಲ್ಲಿಂದ ಬಂದೆ, ಎತ್ತ ಹೊರಟೆ, ಹವೆ ಹೇಗಿದೆ ಎಂಬಿಷ್ಟನ್ನು ಬರೆಯಬೇಕು. ಯಾರಾದರೂ ಮರಳಿ ಬಾರದೆ ಹೋದರೆ ಹುಡುಕುವವರು ಮೊದಲು ತೆರೆಯುವುದು ಈ ಪುಸ್ತಕವನ್ನು. ನಾನು ಲಾಕ್ ಸ್ಟ್ರೀಮಿನಲ್ಲಿ ಮಳೆಗೆ ಸಿಕ್ಕಿ ಕುಳಿತಾಗ ಅದರ ಪುಟಗಳನ್ನು ತಿರುವಿದೆನು. ಹಲವು ದೇಶಗಳ ಹಲವು ಅಕ್ಷರಗಳು; ಆದರೆ ಎಲ್ಲರೂ ಬರೆದ ವಿಷಯ ಒಂದೇ: ನದಿ. ಮೊಣಕಾಲಿನ ತನಕ ಇತ್ತೆಂದು ಒಬ್ಬರು, ತೊಡೆಯ ತನಕ ಎಂದು ಮತ್ತೊಬ್ಬರು, ದಾಟಲಾಗಲಿಲ್ಲ ಹಿಂದಿರುಗಿದೆವೆಂದು ಇನ್ನೊಬ್ಬರು.

ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದವರು ನದಿಗಳಲ್ಲಿ ಎಷ್ಟು ಮಂದಿ ಮುಳುಗಿ ಸತ್ತರೆಂದರೆ ಮುಳುಗುವುದಕ್ಕೆ ನ್ಯೂಜಿಲೆಂಡಿನ ಸಾವು ಎಂದೇ ಹೆಸರು ಬಿದ್ದಿತ್ತು. ತಾರಾಮಕಾವಿನಂಥ ನದಿಗಳು ಅಗಲವಾದ ಕಲ್ಲಿನ ಹಾಸಿನ ಮೇಲೆ ಜಡೆಯ ಎಳೆಗಳಾಗಿ ಹರಿಯುತ್ತವೆ. ಬಿಸಿಲಿನ ದಿನ ಮಕ್ಕಳೂ ದಾಟಬಹುದು. ಘಾಟಿಯ ಮೇಲೆ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಎಳೆಗಳೆಲ್ಲ ಒಂದಾಗಿ, ನೀರು ಬೂದುಬಣ್ಣಕ್ಕೆ ತಿರುಗಿ, ತಳದಲ್ಲಿ ಉರುಳುವ ಬಂಡೆಗಳ ಗುಡುಗು ಬಿಡಾರದ ಒಳಗೂ ಕೇಳಿಸುತ್ತದೆ. ಆ ಸದ್ದು ಕೇಳುತ್ತಿರುವ ತನಕ ನದಿಗಿಳಿಯಬಾರದೆಂಬುದು ಅಲ್ಲಿನವರ ನಿಯಮ. ಬಿಡಾರದಲ್ಲಿ ನನ್ನೊಡನೆ ಇದ್ದವರು ಒಂದು ನಡಿಗೆಯ ಸಂಘಕ್ಕೆ ಸೇರಿದ ಮಧ್ಯವಯಸ್ಸಿನ ಗಂಡಹೆಂಡಿರು. ನಿವೃತ್ತಿಯ ಅಂಚಿನಲ್ಲಿದ್ದ ಆ ಮಹಿಳೆ ಗಂಟೆಗೊಮ್ಮೆ ಹೊರಗೆ ಹೋಗಿ, ದಂಡೆಯ ಮೇಲೆ ತಾವೇ ನೆಟ್ಟ ಕೋಲು ಎಷ್ಟು ಮುಳುಗಿದೆಯೆಂದು ನೋಡಿ ಬರುವರು. ಮಳೆ ನಿಂತು, ಕೋಲು ಮತ್ತೆ ಪೂರ್ತಿಯಾಗಿ ಕಂಡ ಮೇಲೆ ನಾವು ಹೊರಟೆವು. ನದಿ ಬಹಳ ಅಗಲವಾಗಿ ಹರಿಯುವೆಡೆಯನ್ನು ಆರಿಸಿ, ಪಕ್ಕದಲ್ಲಿ ಪಕ್ಕವಾಗಿ ಸಾಲಾಗಿ ನಿಂತು, ಒಬ್ಬರ ತೋಳನ್ನು ಇನ್ನೊಬ್ಬರ ಬೆನ್ನಿಗೂ ಗಂಟಿಗೂ ನಡುವೆ ಸೇರಿಸಿ ಹಿಡಿದು, ಬಲಶಾಲಿಯಾದವರು ಪ್ರವಾಹದ ಮೇಲುಗಡೆ ಇರುವಂತೆ ನೋಡಿಕೊಂಡು, ಪ್ರವಾಹದೊಡನೆ ಸ್ವಲ್ಪ ಓರೆಯಾಗಿ ಇಳಿಯುತ್ತ ದಾಟಿದೆವು. ಹಿಂದಿನ ಸಂಜೆಯ ತನಕ ನನಗೆ ಅವರ ಹೆಸರೂ ತಿಳಿದಿರಲಿಲ್ಲ. ತಣ್ಣೀರು ತೊಡೆಯನ್ನು ಕತ್ತರಿಸುತ್ತಿದ್ದಾಗ ನನ್ನ ಗಂಟಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದ ಆ ಮುಷ್ಟಿಯ ಭಾರ ಇಂದಿಗೂ ಬೆನ್ನಿಗೆ ಗೊತ್ತಿದೆ.

ಪಶ್ಚಿಮದ ಮಗ್ಗುಲಿಗೆ ಬಂದೊಡನೆ ಸ್ಯಾಂಡ್‌ಫ್ಲೈ ಎಂಬ ಕಚ್ಚುವ ನೊಣಗಳು ಮುತ್ತುತ್ತವೆ. ಮಿಲ್‌ಫರ್ಡಿನ ಸಮುದ್ರಕಣಿವೆ ಅತಿಯಾಗಿ ಚೆಲುವಾಯಿತೆಂದೂ, ಜನರು ಅಲ್ಲಿಯೇ ನೆಲೆಯೂರಿಬಿಟ್ಟಾರೆಂದೂ ಮೃತ್ಯುದೇವತೆಯು ಈ ನೊಣಗಳನ್ನು ಬಿಟ್ಟಳೆಂದು ಮಾವೊರಿ ಪುರಾಣ. ದೇವತೆಯ ಉದ್ದೇಶ ಇಂದು ನೆರವೇರುತ್ತಿಲ್ಲ. ಮಿಲ್‌ಫರ್ಡಿನ ದಾರಿಗೆ ತಿಂಗಳುಗಳ ಮುಂಚೆ ಸ್ಥಳವನ್ನು ಕಾದಿರಿಸಬೇಕು. ಒಂದೇ ದಿಕ್ಕಿನಲ್ಲಿ, ಗೊತ್ತುಮಾಡಿದ ದಿನ, ಗೊತ್ತುಮಾಡಿದ ಬಿಡಾರಕ್ಕೆ ನಡೆಯಬೇಕು. ಅಷ್ಟು ಜನ ಬರುವಲ್ಲಿ ಇದು ಅನಿವಾರ್ಯವೆಂದು ಒಪ್ಪುತ್ತೇನೆ, ದೃಶ್ಯವೂ ಅನುಪಮವೇ. ಆದರೂ ನದಿ ಏರಿದರೆ ಒಂದು ದಿನ ಹೆಚ್ಚಿಗೆ ಕುಳಿತಿರುವ ಹಕ್ಕಿಲ್ಲದ ನಡಿಗೆ ನನಗೆ ಅಷ್ಟಾಗಿ ರುಚಿಸದು.

ಏಕೆನ್ಸಿನ ರಸ್ತೆಗೆ ಬಂದು ನಿಂತಾಗ ನನ್ನ ಬಟ್ಟೆ ಒದ್ದೆ, ಗಡ್ಡ ಬೆಳೆದಿದೆ, ಮೈಯಿಂದ ಹೊಗೆಯೂ ಕೆಸರೂ ಬೆರೆತ ವಾಸನೆ. ದೊಡ್ಡ ಹೊಸ ಕಾರುಗಳು, ಹಿಂದಿನ ಆಸನ ಖಾಲಿಯಿದ್ದವು, ನೀರು ಚಿಮ್ಮಿಸಿ ಹೋದವು. ನಿಂತದ್ದು ಸ್ಥಳವೇ ಇಲ್ಲದ ಒಂದು ಹಳೆಯ ಕಾರು. ಚಿಕ್ಕ ಮಗುವನ್ನೂ ಅದರ ಆಸನವನ್ನೂ ಸಾಮಾನುಗಳನ್ನೂ ತುಂಬಿಕೊಂಡು ಗ್ರೇಮೌತ್‌ಗೆ ಹೊರಟಿದ್ದ ಒಬ್ಬ ತರುಣಿ, ಕಿಟಕಿಯನ್ನಿಳಿಸಿ, “ಬೂಟು ಬಿಚ್ಚಿ ಹಿಂದೆ ಹಾಕಿ, ಕಾಲನ್ನು ಆ ಚೀಲದ ಮೇಲಿಡಿ” ಎಂದಳು. ತನ್ನ ತಂದೆ ಬೆಟ್ಟಕ್ಕೆ ಹೋಗುತ್ತಿದ್ದರಂತೆ. ಅವರನ್ನು ಯಾರೋ ಒಬ್ಬರು ಸದಾ ಮನೆ ಮುಟ್ಟಿಸುತ್ತಿದ್ದರಂತೆ. ಇಂಥ ನಂಬಿಕೆಗೆ ಅಪಾಯವಿಲ್ಲವೆಂದು ನಾನು ಹೇಳೆನು. ರಸ್ತೆಯಲ್ಲಿ ವಾಹನವೇರಿದ ತರುಣಿಯರು ಮರಳಿ ಬಾರದೆ ಹೋದ ಪ್ರಕರಣಗಳು ಆ ದೇಶದಲ್ಲಿಯೂ ನಡೆದಿವೆ, ಜನರು ಅವನ್ನು ಮರೆತಿಲ್ಲ. ಹೆಣ್ಣುಮಕ್ಕಳು ಒಂಟಿಯಾಗಿ ಲಿಫ್ಟ್ ಕೇಳಬಾರದೆಂದು ಅಲ್ಲಿನ ಹಿರಿಯರೂ ಹೇಳುತ್ತಾರೆ. ಹಾಗಿದ್ದೂ ಒಂಟಿಯಾಗಿ ಹೊರಟಿದ್ದ ತಾಯಿಯೊಬ್ಬಳು ಕೆಸರುಹಿಡಿದ ಪರದೇಶಿಯೊಬ್ಬನಿಗೆ ಬಾಗಿಲು ತೆರೆದಳು. ಧೈರ್ಯವೆಂದರೆ ಘಾಟಿ ದಾಟಿದವನದೋ ಅವಳದೋ ಎಂಬುದನ್ನು ನೀವೇ ಹೇಳಿರಿ.

ಈಗ ನಮ್ಮ ನಾಡಿನಿಂದಲೂ ಓದಿಗಾಗಿ, ಉದ್ಯೋಗಕ್ಕಾಗಿ ಆ ದ್ವೀಪಗಳಿಗೆ ಹೋಗುವ ತರುಣರು ಬಹಳ ಮಂದಿಯಿದ್ದಾರೆ. ಅವರಲ್ಲಿ ಬೆಟ್ಟ ಹತ್ತುವ ಮನಸ್ಸುಳ್ಳವರು ಈ ಮಾತನ್ನು ಕೇಳುತ್ತಿದ್ದರೆ ಅವರಿಗೆ ನನ್ನ ವಿನಂತಿಯಿಷ್ಟು. ಅಲ್ಲಿನ ಬೇಸಗೆ ಹಣ್ಣಾದ ಫೆಬ್ರವರಿ ಮಾರ್ಚಿಗಳಲ್ಲಿ ಹೊರಡಿರಿ, ಬೂಟುಗಳನ್ನು ಮನೆಯಲ್ಲಿಯೇ ತೊಳೆದುಕೊಳ್ಳಿರಿ, ತುರ್ತುಸಂಕೇತದ ಉಪಕರಣವೊಂದನ್ನು ಬಾಡಿಗೆಗೆ ತೆಗೆದುಕೊಂಡು ಗಂಟಿನಲ್ಲಿಡಿರಿ, ಯಾವ ದಿನ ಮರಳುವಿರೆಂದು ನಂಬುಗೆಯವರೊಬ್ಬರಿಗೆ ತಿಳಿಸಿರಿ, ಎರಡು ದಿನದ ಆಹಾರ ಹೆಚ್ಚಿಗೆ ಇರಲಿ. ಬಿಡಾರದ ಟಿಕೆಟನ್ನು ಊರಿನಲ್ಲಿಯೇ ಇಲಾಖೆಯ ಕಚೇರಿಯಿಂದ ಕೊಂಡು, ಬಿಡಾರದ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಹಾಕಬೇಕು. ಅದನ್ನು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ. ದಯವಿಟ್ಟು ತಪ್ಪದೆ ಹಾಕಿ ಬನ್ನಿರಿ.